ಕಳ್ಳನಿಗೂ ಕಷ್ಟವಾಗಬೇಕು

ನಮ್ಮದು ಮೈಸೂರಿನ ಚಾಮುಂಡಿಪುರಂನ ಹಳೇ ಬೀದಿ. ಇಲ್ಲಿ ಮನೆ ಕಟ್ಟಿಸಿದ ಹಿರಿಯರು ಜಗಲಿಗೆ ಜಾಗ ಬಿಟ್ಟರು, ಹಿತ್ತಲಿಗೆ ಬಿಟ್ಟರು, ತುಳಸಿಕಟ್ಟೆಗೂ ಬಿಟ್ಟರು. ಮುಂದೆ ಮೊಮ್ಮಕ್ಕಳು ತಲೆಗೊಂದು ಸ್ಕೂಟರ್ ಕೊಳ್ಳುತ್ತಾರೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹೀಗಾಗಿ ರಾತ್ರಿಯಾದರೆ ಬೀದಿಯ ಗಾಡಿಗಳೆಲ್ಲ ಚರಂಡಿಯ ಪಕ್ಕ ಒಂದಕ್ಕೊಂದು ಹ್ಯಾಂಡಲ್ ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ. ಅವುಗಳಲ್ಲಿ ಗೋಡೆಗೆ ಒತ್ತಿಕೊಂಡಿರುವ ನನ್ನ ಗಾಡಿಯನ್ನು ಬೆಳಿಗ್ಗೆ ಹೊರಗೆ ತೆಗೆಯಬೇಕಾದರೆ ಮೊದಲು ಎದುರು ಮನೆಯ ಬುಲೆಟ್ ಸರಿಯಬೇಕು, ಆಮೇಲೆ ಟ್ಯೂಷನ್ ಟೀಚರ್ ಸ್ಕೂಟಿ, ಕೊನೆಗೆ ಹಾಲಿನವರ ಟಿವಿಎಸ್. ಬುಲೆಟ್ಟಿನ ಯಜಮಾನ ಎಂಟಕ್ಕೆ ಮುಂಚೆ ಏಳುವವನಲ್ಲ.

ನನ್ನ ಹೆಂಡತಿ ಇದನ್ನು ದೊಡ್ಡ ಅನನುಕೂಲ ಅನ್ನುತ್ತಾಳೆ. ನಾನು ಭದ್ರತೆ ಅನ್ನುತ್ತೇನೆ. ನನ್ನ ಗಾಡಿ ಕದಿಯಲು ಬಂದವನು ಕಾಲಿಂಗ್ ಬೆಲ್ ಒತ್ತಿ, "ಸಾರ್, ಸ್ವಲ್ಪ ನಿಮ್ಮ ಬುಲೆಟ್ ಪಕ್ಕಕ್ಕೆ ತೆಗೀತೀರಾ?" ಅಂತ ಕೇಳಬೇಕಾಗುತ್ತದೆ. ಅಷ್ಟು ಸಭ್ಯನಾದ ಕಳ್ಳ ಬಂದರೆ ಕಾಫಿ ಕೊಟ್ಟೇ ಕಳಿಸಬಹುದು.

ಯಜಮಾನನಿಗೆ ಎಷ್ಟು ಕಷ್ಟ ಕೊಡುತ್ತದೋ ಅಷ್ಟೇ ಕಷ್ಟವನ್ನು ಕಳ್ಳನಿಗೂ ಕೊಡುವ ಗಾಡಿ ಮಾತ್ರ ಉಳಿಯುತ್ತದೆ ಎಂಬ ಈ ಸಿದ್ಧಾಂತ ನನ್ನದಲ್ಲ, ಒಂಟಿಕೊಪ್ಪಲಿನ ನಮ್ಮ ಮಾವನವರದು. ಅವರದು ಯೆಜ್ಡಿ ಕಾಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಲ್ಲಿ ಮೋಟರ್‌ಸೈಕಲ್‌ಗಳು ಹೊರಬರತೊಡಗಿ, 1996ರಲ್ಲಿ ಕಾರ್ಖಾನೆಗೆ ಬೀಗ ಬೀಳುವವರೆಗೂ ಮೈಸೂರಿನ ಬೀದಿಗಳಲ್ಲಿ ಅವುಗಳದೇ ಸದ್ದು, ಅವುಗಳದೇ ಹೊಗೆ. ಒಂದು ಜಾವಾದ ಕೀ ಇನ್ನೊಂದು ಜಾವಾಕ್ಕೂ ಆಗುತ್ತಿತ್ತು, ಕೀ ಮರೆತರೆ ಮೊಳೆಯೂ ನಡೆಯುತ್ತಿತ್ತು ಎಂದು ಹಳೇ ಸವಾರರು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತಾರೆ. ಊರಿಗೆಲ್ಲ ಒಂದೇ ಕೀ ಆದಾಗ ಕಳ್ಳತನ ಹೇಗೆ ತಪ್ಪುತ್ತಿತ್ತು ಎಂದು ಮಾವನವರನ್ನು ಕೇಳಿದೆ.

"ಕೀ ತಿರುಗಿಸಿದ ಮಾತ್ರಕ್ಕೆ ಗಾಡಿ ಹೊರಡುತ್ತೆ ಅಂತ ಯಾರು ಹೇಳಿದ್ದು ಅಳಿಯಂದ್ರೇ?" ಅಂದರು.

ಅವರ ಮಾತಿನಲ್ಲಿ ಸತ್ಯವಿತ್ತು. ಆ ಗಾಡಿಗೆ ಕಿಕ್ಕರ್ ಇರುವುದು ಎಡಗಡೆ. ಬಲಗಾಲಿನಲ್ಲಿ ಒದ್ದು ರೂಢಿಯಿದ್ದವನು ಕತ್ತಲಲ್ಲಿ ಬಲಬದಿಯನ್ನೆಲ್ಲ ಕಾಲಿನಿಂದ ತಡಕಾಡಬೇಕು. ಎಡಕ್ಕಿದೆ ಎಂದು ತಿಳಿದು ಒದ್ದು ಸ್ಟಾರ್ಟ್ ಮಾಡಿದನೇ ಅನ್ನಿ. ಈಗ ಗೇರ್ ಎಲ್ಲಿ? ಒದ್ದ ಕಿಕ್ಕರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಬಗ್ಗಿಸಿದರೆ ಅದೇ ಗೇರ್ ಲಿವರ್! ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡದೆ ತಾನಾಗಿ ಕಂಡುಕೊಳ್ಳುವಷ್ಟು ಬುದ್ಧಿಯಿರುವವನು ಕಳ್ಳತನಕ್ಕೆ ಯಾಕೆ ಬರುತ್ತಾನೆ?

ಇಷ್ಟಾದರೂ ಮಾವನವರು ವಿಧಿಗೆ ಬಿಡುತ್ತಿರಲಿಲ್ಲ. ದೇವರಾಜ ಮಾರುಕಟ್ಟೆಗೆ ಹೋದರೆ ಸಯ್ಯಾಜಿರಾವ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಬಗ್ಗಿ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡುತ್ತಿದ್ದರು. ಕದ್ದವನು ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನ ಮೇಲೆ ಒಂದಿಷ್ಟು ದೂರ ಹೋಗಿ, ಸರಿಯಾಗಿ ಜನ ನೋಡುವ ಜಾಗದಲ್ಲೇ ನಿಲ್ಲಲಿ ಎಂಬುದು ಅವರ ಲೆಕ್ಕ. ಇನ್ನೂ ಅನುಮಾನ ಬಂದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟು ಹೋಗುವುದು. ಒಟ್ಟಿನಲ್ಲಿ ಮಾರುಕಟ್ಟೆಯಲ್ಲಿ ನಂಜನಗೂಡು ರಸಬಾಳೆ ಕೊಳ್ಳುವುದಕ್ಕಿಂತ ಗಾಡಿ ನಿಲ್ಲಿಸುವುದಕ್ಕೇ ಹೆಚ್ಚು ಹೊತ್ತು. ಅತ್ತೆಯವರು ಅಷ್ಟರಲ್ಲಿ ಮೈಸೂರು ಮಲ್ಲಿಗೆಯ ಚೌಕಾಸಿ ಮುಗಿಸಿ, ಕೈಚೀಲ ತುಂಬಿಸಿಕೊಂಡು ವಾಪಸ್ ಬಂದಿರುತ್ತಿದ್ದರಂತೆ.

ಈಗಿನ ಗಾಡಿಗಳು ಗುಂಡಿ ಒತ್ತಿದರೆ ಸಾಕು, ಯಾರು ಏನು ಎಂದು ವಿಚಾರಿಸದೆ ಹೊರಟುಬಿಡುತ್ತವೆ. ಅದಕ್ಕೇ ಹೊರಗಿನಿಂದ ಬೀಗಗಳ ಅಲಂಕಾರ ಬೇಕು. ಹ್ಯಾಂಡಲ್ ಲಾಕ್ ಕಂಪನಿಯವರೇ ಕೊಟ್ಟಿರುತ್ತಾರೆ. ಗಟ್ಟಿ ಕಾಲಿನವನೊಬ್ಬ ಜೋರಾಗಿ ಒದ್ದರೆ ಅದರ ಆಯಸ್ಸು ಮುಗಿಯಿತು ಎಂಬುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಆದ್ದರಿಂದ ಡಿಸ್ಕ್ ಲಾಕು, ಚಕ್ರಕ್ಕೆ ಚೈನು, ಸೀಟಿನಡಿ ಜಿಪಿಎಸ್ಸು. ನಮ್ಮ ಬೀದಿಯಲ್ಲೊಬ್ಬರು ಗಾಡಿಯನ್ನು ವಿದ್ಯುತ್ ಕಂಬಕ್ಕೇ ಚೈನು ಹಾಕಿ ಕಟ್ಟುತ್ತಾರೆ. ಇನ್ನೊಬ್ಬರ ಗಾಡಿಗೆ ಅಲಾರಂ ಇದೆ; ಬೆಕ್ಕು ಹತ್ತಿದರೂ ಕೂಗುತ್ತದೆ, ಗುಡುಗಿದರೂ ಕೂಗುತ್ತದೆ. ಮೊದಮೊದಲು ಬೀದಿಯವರೆಲ್ಲ ಟಾರ್ಚ್ ಹಿಡಿದು ಓಡಿ ಬಂದೆವು. ಈಗ ಅದು ಕೂಗಿದರೆ ಮಗ್ಗುಲು ಬದಲಿಸಿ ಮಲಗುತ್ತೇವೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಹಳೇ ವಾಹನಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿ ಎಂದು ಕರ್ನಾಟಕದಲ್ಲಿ 2023ರಲ್ಲಿ ಆದೇಶ ಬಂತು. ನಮ್ಮ ಕೆಎ-09, ಕೆಎ-55 ಗಾಡಿಗಳೆಲ್ಲ ಸಾಲುಗಟ್ಟಿದವು. ಅಶೋಕ ಚಕ್ರದ ಹಾಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಲಾಕು! ಕದ್ದ ಗಾಡಿಗೆ ಸುಳ್ಳು ನಂಬರ್ ಹಾಕದಂತೆ ತಡೆಯಲು ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಪ್ಲೇಟನ್ನು ಗಾಡಿಯಿಂದ ಬೇರ್ಪಡಿಸುವುದು ಕಷ್ಟ, ಗಾಡಿಯನ್ನು ಬೀದಿಯಿಂದ ಬೇರ್ಪಡಿಸುವುದು ಸುಲಭ ಎಂಬ ಪರಿಸ್ಥಿತಿ ಹಾಗೇ ಉಳಿದಿದೆ.

ಆಯುಧಪೂಜೆಯ ದಿನ ಮಾತ್ರ ಎಲ್ಲ ಬೀಗಗಳಿಗೂ ರಜೆ. ತೊಳೆದ ಗಾಡಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದ ಮೇಲೆ ತಾಯಿ ಚಾಮುಂಡಿ ನೋಡಿಕೊಳ್ಳುತ್ತಾಳೆ ಎಂಬ ಧೈರ್ಯ. ಬೆಟ್ಟ ನಮ್ಮ ಬೀದಿಯಿಂದ ಕಾಣುವುದೂ ಈ ಧೈರ್ಯಕ್ಕೆ ಕಾರಣವಿರಬೇಕು. ಪಕ್ಕದ ಮನೆ ಅಜ್ಜಿ ಮಾತ್ರ, "ಅಮ್ಮನಿಗೆ ದಸರಾ ಮುಗಿಸೋದ್ರಲ್ಲೇ ಸಾಕಾಗಿರುತ್ತೆ, ನೀನು ಬೀಗ ಹಾಕಪ್ಪ" ಅನ್ನುತ್ತಾರೆ. ನಿದ್ದೆ ಬರದ ಆ ಅಜ್ಜಿ ಕಿಟಕಿಯಿಂದ "ಯಾರೋ ಅದು?" ಎಂದು ಕೇಳುವ ದನಿಗೆ ಸರಿಸಾಟಿಯಾದ ಅಲಾರಂ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಎರಡನೇ ಆಟ ಮುಗಿಸಿ ಬರುವ ಗಂಡಸರೆಲ್ಲ ಅದಕ್ಕೆ ಹೆಸರು, ಮನೆ ನಂಬರ್ ಸಮೇತ ಉತ್ತರ ಕೊಟ್ಟೇ ಮುಂದೆ ಹೋಗುತ್ತಾರೆ.

ಮಾವನವರ ಸಿದ್ಧಾಂತ ಸೋಲುವುದು ಒಂದೇ ಕಡೆ, ಇನ್ಶೂರೆನ್ಸಿನಲ್ಲಿ. ಅಲ್ಲಿ ಕಷ್ಟವೆಲ್ಲ ಯಜಮಾನನಿಗೇ, ಕಳ್ಳನಿಗೆ ಎಳ್ಳಷ್ಟೂ ಇಲ್ಲ. ಪೊಲೀಸರು ಹಿಡಿದಾಗ ತೋರಿಸಲೆಂದು ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರೆ ಗಾಡಿ ಕಳುವಾದಾಗ ಬಿಡಿಗಾಸೂ ಬರುವುದಿಲ್ಲ. ಪೂರ್ತಿ ವಿಮೆಯಿದ್ದರೆ ಎಫ್ಐಆರ್ ಬೇಕು, ಗಾಡಿ ಪತ್ತೆಯಾಗಲಿಲ್ಲವೆಂದು ಪೊಲೀಸರು ಕೊಡುವ ವರದಿ ಬೇಕು, ಆರ್‌ಸಿ ಬೇಕು. ಇಷ್ಟನ್ನೂ ಒದಗಿಸಿದ ಮೇಲೆ ಕೌಂಟರಿನಲ್ಲಿ ಕೈ ಚಾಚಿ ಕೇಳುತ್ತಾರೆ: "ಎರಡೂ ಕೀ ಕೊಡಿ." ಗಾಡಿಯೇ ಇಲ್ಲದವನ ಹತ್ತಿರ ಕೀ ಯಾಕೆ ಎಂದು ವಾದ ಮಾಡಬೇಡಿ. ಒಂದು ಕೀ ಕಡಿಮೆಯಾದರೆ ಗಾಡಿಯಲ್ಲೇ ಬಿಟ್ಟು ಹೋಗಿದ್ದಿರೇನೋ ಎಂದು ತಕರಾರು ತೆಗೆಯುತ್ತಾರೆ.

ಷೋರೂಮಿನವರು ಕೊಟ್ಟ ಆ ಎರಡನೇ ಕೀ ಈಗ ನಿಮ್ಮ ಮನೆಯಲ್ಲಿ ಎಲ್ಲಿದೆ? ಗಾಡಿಗೆ ಇನ್ನೊಂದು ಬೀಗ ಕೊಳ್ಳುವ ಮೊದಲು ಎದ್ದು ಅದನ್ನು ಹುಡುಕಿಡಿ.