ಅಳಿಸಿದವರು ಯಾರು?

ಕ್ಯಾಸೆಟ್ಟನ್ನು ಎಂಪಿ3 ಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸವೆಂದು ನಂಬಿದವರು ಇನ್ನೂ ಇದ್ದಾರೆ. ಅವರಲ್ಲಿ ಬಹುಪಾಲು ಜನ ನನ್ನ ನೆಂಟರು. "ಹೇಗೂ ಇಡೀ ದಿನ ಕಂಪ್ಯೂಟರ್ ಮುಂದೆ ಕೂತಿರ್ತೀಯ, ಹಾಗೇ ಕಾಪಿ ಹೊಡೆದುಬಿಡು ಮಾರಾಯ" ಎಂದು ಸಾಗರದಿಂದ ಬಂದ ಮಾವ ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ ಇಟ್ಟು ಹೋದರು. ಕ್ಯಾಸೆಟ್ ಹಾಗೆಲ್ಲ ಕಾಪಿ ಹೊಡೆಸಿಕೊಳ್ಳುವ ಜಾತಿಯದಲ್ಲ. 90 ನಿಮಿಷದ್ದಾದರೆ 90 ನಿಮಿಷವೂ ಓಡಿಸಿಯೇ ತುಂಬಿಕೊಳ್ಳಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಡಬ್ಬಿಯ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ನಡೆಯುತ್ತದೆ. ಲ್ಯಾಪ್‌ಟಾಪ್ ಎಷ್ಟೇ ಚುರುಕಾಗಿರಲಿ, ಅದಕ್ಕೇನೂ ಅವಸರವಿಲ್ಲ.

ಅಟ್ಟದಿಂದ ಟೂ-ಇನ್-ವನ್ ಇಳಿಸಿ ಪ್ಲೇ ಒತ್ತಿದರೆ, ಚಿಕ್ಕಮ್ಮ ಲಂಗ ತೊಡುವ ಕಾಲದಲ್ಲಿ ಹಾಡಿದ ದೇವರನಾಮ ಬಣ್ಣದ ವೇಷದ ಅಬ್ಬರದಂತೆ ಕೇಳಿಸಿತು. ಒಳಗಿನ ರಬ್ಬರ್ ಬೆಲ್ಟ್ ಜೋಲುಬಿದ್ದಿತ್ತು. ಬೆಲ್ಟ್ ಹೊಸದಾದ ಮೇಲೆ ಅವರು ಮತ್ತೆ ಹೆಂಗಸಾದರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಹೆಡ್ ಒರೆಸಿದರೆ ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಅದು ಟೇಪಿಗೆ ಬಳಿದ ಕಬ್ಬಿಣದ ಆಕ್ಸೈಡಿನ ಪುಡಿ. ಹಾಡು ಕೂತಿರುವುದೂ ಆ ಪುಡಿಯಲ್ಲೇ. ಯಾರ ಚರಣ, ಯಾರ ಅನುಪಲ್ಲವಿ ಕಸದ ಬುಟ್ಟಿ ಸೇರಿತೋ!

ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಗದ್ದಲ ತೆಗೆಯುವ ವಿದ್ಯೆಯೂ ಗೊತ್ತು. ಮೊದಲು ಬರೀ ಗದ್ದಲವಿರುವ, ಯಾರೂ ಮಾತಾಡದ ತುಣುಕೊಂದನ್ನು ಅದಕ್ಕೆ ತೋರಿಸಬೇಕು. ನಮ್ಮ ಅಜ್ಜನ ಮನೆಯ ಕ್ಯಾಸೆಟ್ಟಿನಲ್ಲಿ ಯಾರೂ ಮಾತಾಡದ ತುಣುಕು! ಹುಡುಕಿ ಹುಡುಕಿ ಕೊಟ್ಟೆ. ಟೇಪಿನ ಸುಯ್ಯೆನ್ನುವ ಸದ್ದು, ಫ್ಯಾನಿನ ಗುಂಯ್‌ಗಾಟ ಎಲ್ಲ ಹೋಯಿತು. "ಸುಮ್ನಿರ್ರೋ, ರೆಕಾರ್ಡ್ ಆಗ್ತಾ ಇದೆ!" ಎಂಬ ಅಜ್ಜನ ಕೂಗು ಮಾತ್ರ ಮೊದಲಿಗಿಂತ ಸ್ಪಷ್ಟವಾಯಿತು.

ಡಬ್ಬಿಯಲ್ಲಿ ತಾಳಮದ್ದಲೆಯೂ ಇತ್ತು. ಪ್ರಸಂಗ ಕರ್ಣಭೇದನ. ಕೃಷ್ಣ ಜನ್ಮರಹಸ್ಯವನ್ನು ಬಿಚ್ಚಿಟ್ಟ. ಭಾಗವತರು ಪದ ಮುಗಿಸಿದರು. ಕರ್ಣ ಗಂಟಲು ಸರಿಮಾಡಿಕೊಂಡು, "ಕೃಷ್ಣಾ, ನೀನು ಹೇಳಿದ್ದೆಲ್ಲ ಸರಿ, ಆದರೆ..." ಎನ್ನುತ್ತಿದ್ದಂತೆ ಟಕ್! ಎ ಸೈಡಿನ ಅರ್ಧ ಗಂಟೆ ಮುಗಿಯಿತು. ಬಿ ಸೈಡ್ ಶುರುವಾಗುವುದೇ ಚಪ್ಪಾಳೆಯಿಂದ. ಅರ್ಥಧಾರಿ ಏನೋ ಭಾರೀ ಮಾತನ್ನೇ ಆಡಿರಬೇಕು. ಅಜ್ಜ ಕ್ಯಾಸೆಟ್ ಮಗುಚಿ ಹಾಕುವವರೆಗೆ ಕಾಯುವ ತಾಳ್ಮೆ ಕರ್ಣನಿಗಿರಲಿಲ್ಲ.

ನಿಜವಾದ ಯುದ್ಧ ಹುಟ್ಟಿದ್ದು 'ಅಮ್ಮನ ಹಸೆ ಹಾಡು' ಎಂಬ ಚೀಟಿಯಿದ್ದ ಕ್ಯಾಸೆಟ್ಟಿನಿಂದ. ಹಾಕಿದರೆ 'ಪ್ರೇಮಲೋಕ'! ಅಜ್ಜಿಯದೆಂದು ಉಳಿದದ್ದು ಸೈಡಿನ ಕೊನೆಯಲ್ಲಿ ಅರ್ಧ ಸಾಲು. ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಯಾರೋ ಪುಣ್ಯಾತ್ಮರು ಮುರಿದೂ ಇದ್ದರು. ಇನ್ನ್ಯಾರೋ ಪುಣ್ಯಾತ್ಮರು ಆ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿ ಕಾನೂನಿಗೆ ದಾರಿ ಮಾಡಿಕೊಂಡಿದ್ದರು. ಸೆಲ್ಲೋಟೇಪ್ ಹಳದಿಗಟ್ಟಿ ಇನ್ನೂ ಅಲ್ಲೇ ಕೂತಿತ್ತು, ಸಾಕ್ಷಿಗೆ.

'ಪ್ರೇಮಲೋಕ' ಬಂದದ್ದು 1987ರಲ್ಲಿ. ಆಗ ಮನೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದವರು ಮಾವ, ಚಿಕ್ಕಮ್ಮ ಇಬ್ಬರೇ. ಮಾವ ಚಿಕ್ಕಮ್ಮನತ್ತ ಬೆರಳು ತೋರಿಸಿದರು. ಚಿಕ್ಕಮ್ಮ, "ಅಣ್ಣಂಗೆ ಆಗ ರವಿಚಂದ್ರನ್ ಹುಚ್ಚು, ಕ್ರಾಪು ನೋಡಬೇಕಿತ್ತು" ಎಂದರು. ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಪಕ್ಷಗಳಾದವು. ಅಡಿಯಲ್ಲಿರುವ ಹಳೆಯ ಹಾಡನ್ನು ಕೆದಕಿ ತೆಗೆಯಲು ಬರುವುದಿಲ್ಲವೇ ಎಂದೂ ಒಬ್ಬರು ಕೇಳಿದರು. ಟೇಪು ರೆಕಾರ್ಡಿಂಗ್ ಹೆಡ್ಡಿಗೆ ಬರುವ ಮೊದಲೇ ಅಳಿಸುವ ಹೆಡ್ಡನ್ನು ದಾಟಿ ಬಂದಿರುತ್ತದೆ. ಅಡಿಯಲ್ಲಿ ಏನೂ ಇರುವುದಿಲ್ಲ.

ಆದರೆ ಮೇಲೆ ಇತ್ತು. ಪಕ್ಕದ ಮನೆಯ ಟೇಪ್‌ರೆಕಾರ್ಡರನ್ನು ನಮ್ಮದರ ಎದುರು ಮುಖಾಮುಖಿ ಕೂರಿಸಿ ಮೈಕಿನಲ್ಲೇ ಹಾಡು ಹಿಡಿದ ಕಾಲ ಅದು. ಹಾಗಾಗಿ ಹಾಡಿನ ಜೊತೆಗೆ ಪಡಸಾಲೆಯೂ ರೆಕಾರ್ಡ್ ಆಗಿತ್ತು. ಕೊನೆಯ ಹಾಡು ಮುಗಿದು ಗುಂಡಿ ಒತ್ತುವ ಮುಂಚೆ ಚಿಕ್ಕಮ್ಮನ ಪಿಸುಮಾತು: "ಅಮ್ಮಾ, ನಿನ್ನ ಹಾಡೆಲ್ಲ ಹೋಗುತ್ತಲ್ಲೇ?" ಅದಕ್ಕೆ ಅಜ್ಜಿಯ ತುಂಬು ಕಂಠ: "ನನ್ನ ಹಾಡು ನನಗೆ ಬಾಯಿಗೇ ಬರುತ್ತೆ, ಅದನ್ನ ಡಬ್ಬಿಯಲ್ಲಿ ಯಾಕೆ ಇಟ್ಕೋಬೇಕು? ಅಣ್ಣಂಗೆ ಹೇಳು, ಆ ಹುಡುಗನದ್ದು ಇನ್ನೊಂದು ಹಾಕಲಿ."

ಮೂವರೂ ಸಿಕ್ಕಿಬಿದ್ದರು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕೆಂದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಿತ್ತು. ಈಗ ಇಡೀ ಡಬ್ಬಿ ಪೆನ್‌ಡ್ರೈವಿನ ಮೂಲೆಯಲ್ಲಿದೆ. ಯಾವುದನ್ನೂ ಅಳಿಸಬೇಕಾಗಿಲ್ಲ, ಆದ್ದರಿಂದ ಯಾರೂ ಕೇಳುವುದೂ ಇಲ್ಲ. ಕರ್ಣಭೇದನವನ್ನು ಗ್ರೂಪಿಗೆ ಹಾಕಿ ನಿಮಿಷ ಕಳೆಯುವುದರೊಳಗೆ "ಅದ್ಭುತ" ಎಂಬ ಉತ್ತರಗಳು ಬಂದವು.

ಚಿಕ್ಕಮ್ಮ ಮಾತ್ರ ಫೋನ್ ಮಾಡಿದರು. "ಉಳಿದದ್ದೆಲ್ಲ ನೀನೇ ಇಟ್ಕೋ. 'ಅಣ್ಣಂಗೆ ಹೇಳು' ಅಂತ ಅಮ್ಮ ಹೇಳ್ತಾಳಲ್ಲ, ಅಷ್ಟು ಕತ್ತರಿಸಿ ಕಳಿಸು. ಅವನು ಫೋನ್ ಮಾಡಿದಾಗಲೆಲ್ಲ ಅದೇ ರಿಂಗ್‌ಟೋನ್ ಬರೋ ಹಾಗೆ ಮಾಡಿಸ್ಕೋತೀನಿ."