'ಥಿಂಕ್' ಎಂಬ ಕ್ರಿಯಾಪದ: ಒಂದು ಬಹುಶಿಸ್ತೀಯ ಅನುಸಂಧಾನದ ಪರಿಪ್ರೇಕ್ಷ್ಯದತ್ತ ಕೆಲವು ಪೂರ್ವಭಾವಿ ಟಿಪ್ಪಣಿಗಳು

'ಥಿಂಕ್' ಇಂಗ್ಲಿಷಿನ ಒಂದು ಕ್ರಿಯಾಪದ. ಈ ಪುಟ್ಟ ಪದವನ್ನು ಜ್ಞಾನಮೀಮಾಂಸಾತ್ಮಕ ನೆಲೆಗಟ್ಟಿನಲ್ಲಿಟ್ಟು, ಅದರ ಅರ್ಥಸಾಧ್ಯತೆಗಳ ಬಹುಳತೆಯೊಂದಿಗೆ ಮುಖಾಮುಖಿಯಾಗುತ್ತ, ಅದರ ಸಂಕಥನಾತ್ಮಕ ಒಳಸುಳಿಗಳನ್ನು ನಿರಚನೆಗೆ ಒಳಪಡಿಸುವುದು ಇಂದಿನ ತುರ್ತು. ಹಾಗೆಂದರೇನು ಎಂದು ವಿಚಾರಸಂಕಿರಣಗಳಲ್ಲಿ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಈ ಜಾಗದಲ್ಲಿ ಎರಡು ಕ್ರಿಯಾಪದಗಳಿದ್ದವು. 'ಥೆಂಚನ್' ಎಂದರೆ ಯೋಚಿಸು. 'ಥ್ಯುಂಚನ್' ಎಂದರೆ ತೋರು, ಅನ್ನಿಸು. ಮೊದಲನೆಯದು ನಡೆಯಬೇಕಾದರೆ ತಲೆ ಕೆಡಿಸಿಕೊಳ್ಳಲು ಒಬ್ಬ ಕರ್ತೃ ಬೇಕು. ಎರಡನೆಯದು ತಾನಾಗಿಯೇ ನಡೆಯುತ್ತದೆ. ಅನ್ನಿಸಿಕೊಂಡವನು ಚತುರ್ಥಿ ವಿಭಕ್ತಿಯಲ್ಲಿ ಕೈಕಟ್ಟಿ ಕೂತಿದ್ದರೆ ಸಾಕು. ಭೂತಕಾಲದಲ್ಲಿ ಒಂದು 'ಥೋಹ್ತೆ', ಇನ್ನೊಂದು 'ಥೂಹ್ತೆ'. ಒಂದು ಸ್ವರದ ಅಂತರವನ್ನು ನಾಲಗೆ ಎಷ್ಟು ಕಾಲ ಕಾಪಾಡೀತು? ಮಧ್ಯಕಾಲೀನ ಇಂಗ್ಲಿಷಿನಲ್ಲಿ ಎರಡೂ ಬೆರೆತು ಒಂದಾದವು. ಜರ್ಮನ್ನರು 'ಡೆಂಕೆನ್', 'ಡ್ಯುಂಕೆನ್' ಎಂದು ಎರಡನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಂಡರು, ಎರಡನೆಯದು ಅಲ್ಲೂ ಈಗ ಹಳೇ ಕಾಲದ ಮಾತು. ಇಂಗ್ಲಿಷಿನಲ್ಲಿ ಅದರ ಕುರುಹಾಗಿ ಉಳಿದಿರುವುದು 'ಮೀಥಿಂಕ್ಸ್'. ಹ್ಯಾಮ್ಲೆಟ್ ನಾಟಕದ ರಾಣಿಯ ಬಾಯಲ್ಲಿ ಬಂದದ್ದು ಇದೇ: ನನಗೆ ಹಾಗನ್ನಿಸುತ್ತದೆ. 'ಥ್ಯಾಂಕ್' ಕೂಡ ಇದೇ ಬೇರಿನದು. ಮೊದಲು ಬರೀ ಯೋಚನೆ, ಆಮೇಲೆ ಒಳ್ಳೆಯ ಯೋಚನೆ, ಕೊನೆಗೆ ಕೃತಜ್ಞತೆ. ವಂದನಾರ್ಪಣೆಯ ಹೊತ್ತಿಗೆ ಸಭೆಯಲ್ಲಿ ಯೋಚನೆಯ ಸುಳಿವೂ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು.

ಈ ಬೆರಕೆಯನ್ನು ಭಾಷಾವಿಜ್ಞಾನಿಗಳು ಧ್ವನಿವ್ಯತ್ಯಾಸದ ಸಹಜ ಫಲವೆಂದು ಬಿಟ್ಟುಬಿಡುತ್ತಾರೆ. ಪ್ರಸ್ತುತ ಪ್ರಬಂಧದ ಪ್ರಮೇಯವೇ ಬೇರೆ: ಅಂದಿನಿಂದ ಅನ್ನಿಸಿದ್ದನ್ನೆಲ್ಲ ಯೋಚಿಸಿದ್ದೆಂದು ಲೆಕ್ಕ ಬರೆಯುವ ಸೌಲಭ್ಯ ಲೋಕಕ್ಕೆ ಒದಗಿತು. ಆಧುನಿಕ ಅರ್ಥಗಳ ವರ್ಗೀಕರಣ ಇದನ್ನು ಸಮರ್ಥಿಸುತ್ತದೆ.

ವರ್ಗ 1: ಪೂರ್ವಪ್ರತ್ಯಯಿಕ ಅಚಿಂತನಾತ್ಮಕ ಥಿಂಕ್. ಬೆಂಗಳೂರಿನ ಕಚೇರಿಗಳಲ್ಲಿ ಹೇರಳ. "ಐ ಥಿಂಕ್, ಇದನ್ನ ನೆಕ್ಸ್ಟ್ ವೀಕ್ ನೋಡೋಣ." ಇಲ್ಲಿ ಅದು ಕ್ರಿಯಾಪದವೇ ಅಲ್ಲ, ಮುಂದೆ ತಪ್ಪಾದರೆ ಜಾರಿಕೊಳ್ಳಲು ಮಾಡಿಟ್ಟ ಹಿತ್ತಿಲ ಬಾಗಿಲು.

ವರ್ಗ 2: ಸ್ಥಾನಾಂತರಿತ ನಿಷೇಧಾತ್ಮಕ ಥಿಂಕ್. 'ಮಳೆ ಬರುವುದಿಲ್ಲ ಅಂದುಕೊಂಡಿದ್ದೇನೆ' ಎನ್ನಬೇಕಾದಲ್ಲಿ ಇಂಗ್ಲಿಷಿನವನು ಮಳೆಯನ್ನು ಬಿಟ್ಟು ತನ್ನ ಯೋಚನೆಗೇ 'ಇಲ್ಲ' ಹಚ್ಚಿ 'ಐ ಡೋಂಟ್ ಥಿಂಕ್' ಎನ್ನುತ್ತಾನೆ. ನಿಷೇಧ ಹೀಗೆ ಮೇಲಿನ ವಾಕ್ಯಕ್ಕೆ ಏರುವುದು ವ್ಯಾಕರಣಕಾರರು ಗುರುತಿಸಿದ ಸಂಗತಿಯೇ. ಯೋಚಿಸುವುದಿಲ್ಲವೆಂದು ಬಾಯಿಬಿಟ್ಟು ಒಪ್ಪಿಕೊಂಡವನನ್ನೂ ಯೋಚಿಸಿದವರ ಸಾಲಿನಲ್ಲೇ ಕೂರಿಸುವ ಔದಾರ್ಯ ಇಂಗ್ಲಿಷ್ ವ್ಯಾಕರಣಕ್ಕಿದೆ.

ವರ್ಗ 3: ಕಾಲವಿಳಂಬನಾತ್ಮಕ ಥಿಂಕ್. ಉಪವರ್ಗ 3(ಅ), ವೈವಾಹಿಕ: ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಚಪ್ಪಲಿ ಮೆಟ್ಟುತ್ತ, "ಥಿಂಕ್ ಮಾಡಿ ಫೋನ್ ಮಾಡ್ತೀವಿ" ಎನ್ನುವುದು. ಅರ್ಥ: ಇಲ್ಲ. ಉಪವರ್ಗ 3(ಆ), ವಸ್ತ್ರವಾಣಿಜ್ಯಿಕ: ಸೀರೆ ಅಂಗಡಿಯ ಹಾಸಿನ ಮೇಲೆ ರಾಶಿ ಹರವಿಸಿ ಎದ್ದು ಬರುವಾಗ ಆಡುವ ಮಾತು. ಅರ್ಥ: ಮೇಲಿನದೇ. ಉಪವರ್ಗ 3(ಇ) ಸರ್ಕಾರಿ. ಅಲ್ಲಿ ಅರ್ಥವಿಲ್ಲ, ಕಡತ ಮಾತ್ರ ಇದೆ.

ವರ್ಗ 4ಕ್ಕೆ ಹನ್ನೆರಡು ಅಕ್ಷರದ ಹೆಸರು ಸಿದ್ಧವಾಗಿದ್ದು, ಅರ್ಥ ಇನ್ನೂ ದೊರೆತಿಲ್ಲವಾದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಪದದ ಸಾಂಸ್ಥಿಕ ಚರಿತ್ರೆ ಇತ್ತೀಚಿನದು. 1637ರಲ್ಲಿ ದೆಕಾರ್ತ್ ತಾನು ಇರುವುದಕ್ಕೆ ಯೋಚನೆಯನ್ನೇ ಪುರಾವೆಯಾಗಿ ಒಡ್ಡಿದ, ಅದೂ ಫ್ರೆಂಚಿನಲ್ಲಿ. ಆ ಅಳತೆಗೋಲು ಹಿಡಿದು ಸಭೆಗಳಲ್ಲಿ ಹಾಜರಿ ಕರೆಯದಿರುವುದೇ ಕ್ಷೇಮ. 1911ರಲ್ಲಿ, ನಗದು ಗಲ್ಲಾಯಂತ್ರ ಮಾರುವ ಅಮೆರಿಕನ್ ಕಂಪನಿಯಲ್ಲಿದ್ದ ಥಾಮಸ್ ವಾಟ್ಸನ್ ಮಾರಾಟಗಾರರ ಮುಂದೆ 'ಥಿಂಕ್' ಎಂಬ ಒಂದೇ ಪದವನ್ನು ಘೋಷವಾಕ್ಯವಾಗಿ ಇಟ್ಟ. ಮುಂದೆ ಅವನು ಕಟ್ಟಿದ ಐಬಿಎಂನಲ್ಲಿ ಅದು ಗೋಡೆಗಳ ಮೇಲೂ ಮೇಜುಗಳ ಮೇಲೂ ಫಲಕವಾಗಿ ಕೂತಿತು. 1992ರಲ್ಲಿ ಥಿಂಕ್‌ಪ್ಯಾಡ್ ಬಂತು. 1997ರಲ್ಲಿ ಆಪಲ್ ಬೇರೆ ರೀತಿ ಥಿಂಕಿಸಿ ಎಂದು ಜಾಹೀರಾತು ಹೊರಡಿಸಿತು; ಜನ ಮಾತ್ರ ಅದರ ವ್ಯಾಕರಣ ಸರಿಯೇ ತಪ್ಪೇ ಎಂದು ಜಗಳಾಡಿದರು. 2005ರಲ್ಲಿ ಐಬಿಎಂ ಥಿಂಕ್‌ಪ್ಯಾಡನ್ನೇ ಲೆನೊವೊಗೆ ಮಾರಿತು.

ಇವರೆಲ್ಲರ ನಡುವೆ ಪ್ರಾಮಾಣಿಕನೆಂದರೆ ಅಲನ್ ಟ್ಯೂರಿಂಗ್. ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು 1950ರ ಲೇಖನದಲ್ಲಿ ಎತ್ತಿಕೊಂಡವನು, ಅದು ಚರ್ಚೆಗೂ ಲಾಯಕ್ಕಿಲ್ಲವೆಂದು ಪಕ್ಕಕ್ಕಿಟ್ಟು ಅನುಕರಣೆಯ ಆಟವೊಂದನ್ನು ಹೂಡಿದ: ಟೈಪಾದ ಉತ್ತರ ನೋಡಿ, ಕೊಟ್ಟದ್ದು ಮನುಷ್ಯನೋ ಯಂತ್ರವೋ ಹೇಳಬೇಕು. ಥೆಂಚನ್ ಜಾಗದಲ್ಲಿ ಥ್ಯುಂಚನ್ನನ್ನು ಬಹಿರಂಗವಾಗಿಯೇ ಕೂರಿಸಿದ. ಉಳಿದವರು ಗುಟ್ಟಾಗಿ ಮಾಡುತ್ತಿದ್ದುದು ಅದನ್ನೇ.

ಕನ್ನಡನಾಡಿನಲ್ಲಿ ಈ ಕ್ರಿಯಾಪದ ಅತಿ ಹೆಚ್ಚು ಅಚ್ಚಾಗುವುದು ಇಂಗ್ಲಿಷ್ ಮಾಧ್ಯಮದ ಮಕ್ಕಳ ಪುಸ್ತಕಗಳಲ್ಲಿ. ಪಾಠದ ನಡುವೆ ಬಣ್ಣದ ಚೌಕ, ಚೌಕದೊಳಗೆ 'ಥಿಂಕ್ ಅಂಡ್ ಡಿಸ್ಕಸ್', ಕೆಳಗೊಂದು ಪ್ರಶ್ನೆ: ನಿಮ್ಮೂರ ಕೆರೆ ಯಾಕೆ ಬತ್ತಿತು? ಆ ಪ್ರಶ್ನೆಗೆ ಗೈಡಿನಲ್ಲಿ ನಾಲ್ಕು ಸಾಲಿನ ಉತ್ತರವಿದೆ. ಟೀಚರ್ ಅದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಕೆರೆ ಏರಿಯ ಮೇಲೆ ದಿನಾ ಓಡಾಡುವ ಹುಡುಗಿ, ಮೇಲುಗಡೆ ಲೇಔಟ್ ಬಂದು ರಾಜಕಾಲುವೆ ಮುಚ್ಚಿಹೋದದ್ದನ್ನು ಕಣ್ಣಾರೆ ಕಂಡವಳು, ತನ್ನ ಮುರುಕು ಇಂಗ್ಲಿಷಿನಲ್ಲಿ ಅದನ್ನೇ ಬರೆದರೆ ಕೆಂಪು ಗೆರೆ ಬೀಳುತ್ತದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಯೋಚಿಸಿದ ಮಗುವಿಗೆ ಸೊನ್ನೆ, ನಕಲು ಮಾಡಿದ ಮಗುವಿಗೆ ಐದಕ್ಕೆ ಐದು! ಹತ್ತು ವರ್ಷ ಹೀಗೆ ಮಾಡಿ, ಆಮೇಲೆ ಅದೇ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಂಡು, ಹೋಟೆಲಿನ ಹಾಲಿನಲ್ಲಿ ಕೂರಿಸಿ, ಬಣ್ಣದ ಚೀಟಿ ಅಂಟಿಸಿ 'ಡಿಸೈನ್ ಥಿಂಕಿಂಗ್' ಹೇಳಿಕೊಡಲು ದುಡ್ಡು ಸುರಿಯುತ್ತಾರೆ. ಕಿತ್ತುಕೊಂಡದ್ದನ್ನೇ ಮಾರುವ ವ್ಯಾಪಾರವಿದು, ನಾಚಿಕೆಗೇಡು.

ಗೈಡ್ ಅಚ್ಚು ಹಾಕುವವರಲ್ಲಿ ಕೋರಿಕೆ ಒಂದೇ. ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟುಕೊಳ್ಳಿ; ಆ ಚೌಕದ ಪ್ರಶ್ನೆಯೊಂದನ್ನು ಮಕ್ಕಳಿಗೆ ಬಿಡಿ.