ಬಾವಿ ಕೊಡುವ ಮಾರ್ಕ್ಸು

ಗೋಕಾಕ ತಾಲೂಕಿನ ಮಮದಾಪುರದಲ್ಲಾಗಲಿ, ಆಚೀಚೆಯ ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಾಗಲಿ, ಮೀಸೆ ಮೂಡುತ್ತಿರುವ ಹುಡುಗನನ್ನು ನಿಲ್ಲಿಸಿ ‘ಈಸಾಕ ಬರತೈತೇನೋ ತಮ್ಮಾ?’ ಎಂದು ಕೇಳಿದರೆ ಆತ ಉತ್ತರ ಹೇಳುವ ಮೊದಲು ಕೇಳಿದವರನ್ನೇ ಒಮ್ಮೆ ಮರುಕದಿಂದ ನೋಡುತ್ತಾನೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಎಂದು ಮೂರು ಹೊಳೆ, ಹಿಡಕಲ್ ಜಲಾಶಯ, ಅದರ ಎಡದಂಡೆ ಬಲದಂಡೆ ಕಾಲುವೆ, ಇಷ್ಟೂ ಸಾಲದೆಂದು ಕಬ್ಬಿನ ಪಡದ ನಡುವೆ ಬಾವಿ. ಇಷ್ಟು ನೀರನ್ನು ಮಗ್ಗಲಲ್ಲಿ ಇಟ್ಟುಕೊಂಡು ಈಜು ಬಾರದು ಎನ್ನುವುದು ಮನೆತನದ ಮರ್ಯಾದೆಯ ಪ್ರಶ್ನೆ. ಕಲಿಸುವ ಕ್ರಮವೂ ಸರಳ. ಬೇಸಿಗೆ ಸೂಟಿಯಲ್ಲಿ ಸೊಂಟಕ್ಕೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟುತ್ತಾರೆ. ಹಿಂದಿನವರಿಗೆ ಒಣಗಿದ ಸೋರೆಬುರುಡೆ ಇತ್ತು. ಕಾಕಾನೋ ಸೋದರಮಾವನೋ ಮಾತಾಡಿಸುವ ನೆವದಲ್ಲಿ ಬೆನ್ನಿಗೆ ಕೈಹಚ್ಚಿ ನೂಕುತ್ತಾರೆ. ನಾಲ್ಕೈದು ದಿನಕ್ಕೆ ಕ್ಯಾನು ಬಿಚ್ಚುತ್ತಾರೆ. ಆಮೇಲಿನ ಪರೀಕ್ಷೆಗೆ ಒಂದೇ ಪ್ರಶ್ನೆ: ಮುಳುಗಿದವನು ಮೇಲೆ ಬಂದನೇ? ಬಂದರೆ ನೂರಕ್ಕೆ ನೂರು. ಈ ಉದಾರ ಮೌಲ್ಯಮಾಪನದ ಬಗ್ಗೆಯೇ ನನ್ನ ತಕರಾರು. ಬಾವಿ ಒಳ್ಳೆಯ ಗುರು, ಆದರೆ ಮಾರ್ಕ್ಸು ಹಾಕುವಾಗ ಅದರ ಕೈ ತೀರ ಸಡಿಲ. ಜಲ ಸುರಕ್ಷತೆಯ ತರಬೇತಿಗೆ ಹೊರಟವನು ಈಜು ಪರೀಕ್ಷೆಗೆ ತಯಾರಾಗಬೇಕೆಂದರೆ, ಬಾವಿ ಪುಕ್ಕಟೆಯಾಗಿ ಕೊಟ್ಟ ಮಾರ್ಕ್ಸನ್ನು ಮೊದಲು ವಾಪಸು ಮಾಡಿ, ಮತ್ತೆ ಒಂದೊಂದಾಗಿ ದುಡಿದುಕೊಳ್ಳಬೇಕು.

ಅಂಥ ಪರೀಕ್ಷೆ ಏನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಹೆಸರಾದ ಒಂದು ಮಾದರಿಯೆಂದರೆ ಅಮೆರಿಕನ್ ರೆಡ್ ಕ್ರಾಸ್‌ನ ಜೀವರಕ್ಷಕ ತರಬೇತಿಗೆ ಸೇರುವವರಿಗೆ ಬಹುಕಾಲ ಇದ್ದ ಪ್ರವೇಶ ಪರೀಕ್ಷೆ. 300 ಗಜ ನಿಲ್ಲದೆ ಈಜಬೇಕು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರೀ ಕಾಲಾಡಿಸುತ್ತ 2 ನಿಮಿಷ ಇದ್ದಲ್ಲೇ ತೇಲಬೇಕು. ಆಮೇಲೆ 20 ಗಜ ಈಜಿ, 7ರಿಂದ 10 ಅಡಿ ಆಳಕ್ಕೆ ಮುಳುಗಿ, 10 ಪೌಂಡಿನ ಇಟ್ಟಿಗೆಯೊಂದನ್ನು ಮೇಲೆ ತಂದು, ಎರಡೂ ಕೈಯಿಂದ ಎದೆಗವಚಿಕೊಂಡು, ಅಂಗಾತ ಈಜುತ್ತ ಹೊರಟಲ್ಲಿಗೇ ಮರಳಿ, ಏಣಿ ಮುಟ್ಟದೆ ದಂಡೆ ಹತ್ತಬೇಕು. ಈ ಇಟ್ಟಿಗೆ ಪ್ರಸಂಗಕ್ಕೆ ಒಟ್ಟು 1 ನಿಮಿಷ 40 ಸೆಕೆಂಡು; ಮನೆ ಕಟ್ಟಿಸುವವರೂ ಇಟ್ಟಿಗೆಗೆ ಇಷ್ಟು ಅವಸರ ಮಾಡುವುದಿಲ್ಲ. ಪಂಪ್‌ಸೆಟ್ ಕೋಣೆಯ ಮಾಳಿಗೆಯಿಂದ ಲಾಗ ಹಾಕಿ ಬಾವಿಗೆ ಬೀಳುವ ನಮ್ಮ ವೀರ ಇದನ್ನೆಲ್ಲ ಓದಿದರೆ ನಗುತ್ತಾನೆ, ಯಾಕೆಂದರೆ ಪಟ್ಟಿಯಲ್ಲಿ ಲಾಗವೇ ಇಲ್ಲ. ಆದರೆ ಪಟ್ಟಿಯ ಮೊದಲ ಸಾಲೇ ಅವನನ್ನು ಕೆಡವುತ್ತದೆ. 30 ಅಡಿ ಅಗಲದ ಬಾವಿಯಲ್ಲಿ ಏಳೆಂಟು ಕೈ ಹಾಕುವಷ್ಟರಲ್ಲಿ ಎದುರಿನ ಕಲ್ಲು ಸಿಗುತ್ತದೆ. ಅದನ್ನು ಹಿಡಿದು ಸುಧಾರಿಸಿಕೊಂಡು ತಿರುಗಿ ಬಂದರೆ ಮೆಟ್ಟಿಲು. ಬಾವಿಯ ಈಜಿನಲ್ಲಿ ಮುಕ್ಕಾಲು ಪಾಲು ಜಿಗಿತ. ಉಳಿದದ್ದು ಮೆಟ್ಟಿಲ ಮೇಲೆ ಕೂತು ಆ ಜಿಗಿತದ ವಿಮರ್ಶೆ. ಅಷ್ಟು ದೂರಕ್ಕೆ ಒಂದೇ ಉಸಿರು ಸಾಕಾಗುವುದರಿಂದ ಎರಡನೆಯ ಉಸಿರನ್ನು ನೀರೊಳಗೆ ಬಿಟ್ಟು ಮಗ್ಗಲಿಗೆ ಮುಖ ಹೊರಳಿಸಿ ಎಳೆದುಕೊಳ್ಳುವ ವಿದ್ಯೆ ಅವನಿಗೆ ಬೇಕಾಗಿಯೇ ಇಲ್ಲ. ಆತ ತಲೆಯನ್ನು ಹೆಡೆಯಂತೆ ಎತ್ತಿಕೊಂಡೇ ಈಜುತ್ತಾನೆ. ಐದು ಲೀಟರಿನ ಕ್ಯಾನು ಹೆಚ್ಚುಕಡಿಮೆ ಐದು ಕಿಲೋ ಭಾರ ಹೊರುತ್ತದೆ, ನಮ್ಮ ತಲೆಯ ತೂಕವೂ ಬಹುತೇಕ ಅಷ್ಟೇ. ಕ್ಯಾನು ಬಿಚ್ಚಿದ ಮೇಲೂ ಎತ್ತಿದ ತಲೆ ಇಳಿಯಲಿಲ್ಲವಾದರೆ ಆ ಐದು ಕಿಲೋ ಹೊರುವ ಕೆಲಸ ತೋಳಿಗೆ ಬೀಳುತ್ತದೆ, ತಲೆ ಎತ್ತಿದ್ದಕ್ಕೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಹೀಗೆ ಏದುತ್ತ 50 ಗಜ ದಾಟುವುದರೊಳಗೆ ಕಣ್ಣು ಎಲ್ಲಿದೆ ಮೆಟ್ಟಿಲು ಎಂದು ಹುಡುಕುತ್ತದೆ.

ಎರಡನೆಯ ಸಾಲು ಇನ್ನೂ ಅವಮಾನಕರ. ಕಟ್ಟೆಯ ಮೇಲೆ ಎರಡು ತಾಸು ಸುಮ್ಮನೆ ಕೂರಬಲ್ಲ ಮನುಷ್ಯನಿಗೆ ನೀರಲ್ಲಿ ಎರಡು ನಿಮಿಷ ಇದ್ದಲ್ಲೇ ಇರಲು ಆಗುವುದಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡರೆ ಹೆಚ್ಚಿನವರ ಮೈ ಸಿಹಿನೀರಿನಲ್ಲೂ ತೇಲುತ್ತದೆ. ಆದರೆ ತೇಲುವುದೆಂದರೆ ಮೂಗು ಬಾಯಿ ಹೊರಗುಳಿಯುವಷ್ಟು ಮಾತ್ರ, ಎದೆ ಸೆಟೆಸಿ ಫೋಟೋ ತೆಗೆಸಿಕೊಳ್ಳುವಷ್ಟಲ್ಲ. ಈ ಕಡಿಮೆ ಪಾಲಿಗೆ ಒಪ್ಪಿಕೊಂಡವನು ಉಳಿಯುತ್ತಾನೆ, ಹೆಚ್ಚು ಬೇಕೆಂದು ನೀರನ್ನು ಬಡಿಯುವವನು ದಣಿಯುತ್ತಾನೆ. ಪರೀಕ್ಷಕರು ಈ ಸಪ್ಪೆ ಸಾಲಿಗೆ ಬೆಲೆ ಕೊಟ್ಟದ್ದಕ್ಕೆ ಕಾರಣವಿದೆ. ಸಿನಿಮಾದಲ್ಲಿ ಮುಳುಗುವವರು ‘ಕಾಪಾಡಿ’ ಎಂದು ಹಾಡಿನಷ್ಟು ಉದ್ದ ಕೂಗುತ್ತಾರೆ, ನಾಯಕ ಅಂಗಿ ಬಿಚ್ಚುವ ತನಕ ಕಾಯುತ್ತಾರೆ ಕೂಡ. ನಿಜವಾಗಿ ಮುಳುಗುವವರು ಬಹುಪಾಲು ಕೂಗುವುದಿಲ್ಲ. ಕೂಗಲು ಉಸಿರು ಬೇಕು, ಅವರಿಗೆ ಉಸಿರೇ ಸಿಗುತ್ತಿರುವುದಿಲ್ಲ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ ಇದನ್ನು ಗಮನಿಸಿ ವಿವರಿಸಿದ್ದಾರೆ: ಮೈ ನೀರಲ್ಲಿ ನೆಟ್ಟಗೆ, ಕೈ ಮಗ್ಗಲಲ್ಲಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ, 20ರಿಂದ 60 ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ದಂಡೆಯಲ್ಲಿ ನಿಂತವರಿಗೆ ಅದು ಆಟದಂತೆ ಕಾಣಬಹುದು. ಅಂಗಾತ ಮಲಗಿ ಸುಮ್ಮನೆ ತೇಲಲು ಬಲ್ಲವನಿಗೆ ಆ ಅರವತ್ತು ಸೆಕೆಂಡು ಹತ್ತು ನಿಮಿಷವಾಗಬಲ್ಲದು, ಆ ಹತ್ತು ನಿಮಿಷದಲ್ಲಿ ಹಗ್ಗ ತರಲು ಹೋದವನು ಮರಳಿಯೂ ಬರಬಹುದು.

ಇಷ್ಟು ಹೇಳುವಷ್ಟರಲ್ಲಿ ಹಿರಿಯರೊಬ್ಬರ ಆಕ್ಷೇಪ ಬರುವುದು ಖಂಡಿತ: ‘ನಮ್ಮ ಮುತ್ತ್ಯಾ ಯಾವ ಪರೀಕ್ಷೆ ಬರೆದಿದ್ದ? ತುಂಬಿದ ಹೊಳಿ ಬುರುಡಿ ಕಟ್ಟಕೊಂಡ ದಾಟತಿದ್ದ.’ ದಾಟಿರಬಹುದು. ಆದರೆ ಹೊಳೆ ದಾಟಿದ ಕಥೆಯನ್ನು ಹೇಳುವವರು ದಾಟಿದವರು ಮಾತ್ರ. ಅರ್ಧಕ್ಕೆ ಹೋದವರ ಕಥೆ ಕಟ್ಟೆಗೆ ಬರುವುದಿಲ್ಲವಾದ್ದರಿಂದ ಕಟ್ಟೆಯ ಅಂಕಿಅಂಶದಲ್ಲಿ ಎಲ್ಲ ಮುತ್ತ್ಯಾಗಳೂ ಪಾಸು. ಅಲ್ಲದೆ ಮುತ್ತ್ಯಾ ಬುರುಡೆ ಕಟ್ಟಿಕೊಂಡಿದ್ದ ಎಂಬುದನ್ನು ಮರೆಯಬಾರದು. ಮೊಮ್ಮಗ ಪರಂಪರೆಯ ಹೆಸರಲ್ಲಿ ಬುರುಡೆಯನ್ನೇ ಬಿಟ್ಟು ಇಳಿಯುತ್ತಾನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿ, ಲೋಳಸೂರ ಸೇತುವೆ ನೀರಲ್ಲಿ ಮುಳುಗಿತ್ತು. ಅಂಥ ನೆರೆಯಲ್ಲಿ ದೋಣಿ ತಂದು ಜನರನ್ನು ಹೊರಗೆ ತರುವ ರಕ್ಷಣಾ ಪಡೆಯವರು ಈಜಿನಲ್ಲಿ ನಮ್ಮೆಲ್ಲರಿಗಿಂತ ಪಳಗಿದವರು. ಅವರೆಲ್ಲರ ಮೈಮೇಲೂ ಲೈಫ್ ಜಾಕೆಟ್ ಇರುತ್ತದೆ. ಎಲ್ಲರಿಗಿಂತ ಚೆನ್ನಾಗಿ ಈಜುವವರು ಈಜನ್ನು ಎಲ್ಲರಿಗಿಂತ ಕಡಿಮೆ ನಂಬುತ್ತಾರೆ. ಮುತ್ತ್ಯಾನ ಬುರುಡೆಯ ನಿಜವಾದ ವಾರಸುದಾರರು ಅವರೇ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬೆಳಗಾವಿಯಲ್ಲಾದರೆ ಕೆಎಲ್‌ಇಯ ಸುವರ್ಣ ಜೆಎನ್‌ಎಂಸಿ ಈಜುಕೊಳವಿದೆ, ಗೋಕಾಕದಿಂದ ಅದು 60ಕ್ಕೂ ಹೆಚ್ಚು ಕಿಲೋಮೀಟರ್ ದೂರ. ಕಬ್ಬಿಗೆ ನೀರು ಹಾಯಿಸುವ ಹುಡುಗ ಎಲ್ಲಿ ತಯಾರಿ ಮಾಡಬೇಕು? ಬಾಂಗ್ಲಾದೇಶದವರು ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದ್ದಾರೆ. ಅಲ್ಲಿನ ‘ಸ್ವಿಮ್‌ಸೇಫ್’ ಕಾರ್ಯಕ್ರಮದಲ್ಲಿ ಊರಕೆರೆಯಲ್ಲೇ ಬಿದಿರಿನ ಅಟ್ಟಣೆ ಇಳಿಬಿಟ್ಟು ಮಕ್ಕಳಿಗೆ 25 ಮೀಟರ್ ಈಜುವುದನ್ನೂ ಇದ್ದಲ್ಲೇ ತೇಲುವುದನ್ನೂ ದಂಡೆಯಿಂದಲೇ ಇನ್ನೊಬ್ಬರನ್ನು ಉಳಿಸುವುದನ್ನೂ ಕಲಿಸಿದರು. ನಮ್ಮ ಬಾವಿಯೂ ಅಂಥ ಬಡ ಈಜುಕೊಳವೇನಲ್ಲ. 30 ಅಡಿ ಅಗಲದ ದುಂಡು ಬಾವಿಯಲ್ಲಿ ಗೋಡೆಯಿಂದ ಮೂರು ಅಡಿ ಒಳಗೆ ಸುತ್ತು ಹಾಕಿದರೆ ಒಂದು ಸುತ್ತಿಗೆ ಸುಮಾರು 75 ಅಡಿ. ಅಂಥ 12 ಸುತ್ತಿಗೆ 900 ಅಡಿ, ಅಂದರೆ ಅಮೆರಿಕದವರ 300 ಗಜ ಲೆಕ್ಕಕ್ಕೆ ಸರಿಯಾಯಿತು. ಗೋಡೆ ಮುಟ್ಟದಿದ್ದರೆ ಸೈ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿದರೆ ತಲೆ ಸುತ್ತುವ ದೂರೂ ಇಲ್ಲ. 10 ಪೌಂಡಿನ ಇಟ್ಟಿಗೆ ಎಂದರೆ ನಾಲ್ಕೂವರೆ ಕಿಲೋ ಕಲ್ಲು, ನಮ್ಮ ಹೊಲದಲ್ಲಿ ಅದಕ್ಕೆ ಬರವಿಲ್ಲ. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಸಿಗದಿದ್ದಾಗ, ಫುಟ್‌ವಾಲ್ವಿಗೆ ಕಸ ಸಿಕ್ಕಿದಾಗ ಬುಡದವರೆಗೆ ಮುಳುಗುವವರು ಊರಿಗೊಬ್ಬರಾದರೂ ಇರುತ್ತಾರೆ. ಆ ಸಾಲಿನಲ್ಲಿ ಅಮೆರಿಕದವರೇ ನಮ್ಮವರ ಹತ್ತಿರ ಪಾಠಕ್ಕೆ ಬರಬೇಕು. ಒಂದೇ ಷರತ್ತು, ಮೇಲೆ ಹಗ್ಗ, ಗಾಳಿ ತುಂಬಿದ ಟ್ಯೂಬು ಹಿಡಿದು ಎಚ್ಚರವಿರುವ ಹಿರಿಯರೊಬ್ಬರು ಕೂತಿರಬೇಕು. ಮೊಬೈಲು ನೋಡುತ್ತ ಕೂತವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಬಾವಿಯಲ್ಲಿ ಬಿಡಬೇಕಾದ ಒಂದು ಚಟವನ್ನೂ ಹೇಳಬೇಕು. ಯಾರು ಹೆಚ್ಚು ಹೊತ್ತು ಒಳಗಿರುತ್ತಾರೆ ಎಂಬ ಪಂದ್ಯಕ್ಕೆ ಮೊದಲು ಹುಡುಗರು ಬುಸುಬುಸು ಎಂದು ಹತ್ತಾರು ಸಲ ಉಸಿರೆಳೆದು ಬಿಡುತ್ತಾರೆ. ಅದರಿಂದ ಆಮ್ಲಜನಕದ ದಾಸ್ತಾನು ಹೆಚ್ಚೇನೂ ಬೆಳೆಯುವುದಿಲ್ಲ, ರಕ್ತದ ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ‘ಸಾಕು, ಮೇಲೆ ಹೋಗು’ ಎಂದು ಮಿದುಳಿಗೆ ತಿವಿಯುವುದು ಮುಖ್ಯವಾಗಿ ಅದೇ ಅನಿಲ. ಅದನ್ನು ಮೊದಲೇ ಹೊರಹಾಕಿ ಮುಳುಗಿದವನಿಗೆ ಉಸಿರುಗಟ್ಟಿದ ಅರಿವಾಗುವ ಮೊದಲೇ ಎಚ್ಚರ ತಪ್ಪಬಹುದು, ಪಂದ್ಯವನ್ನೂ ಆತನೇ ಗೆದ್ದಿರುತ್ತಾನೆ. ಇನ್ನೊಂದು, ಬಟ್ಟೆ. ನೆದರ್ಲೆಂಡ್ಸಿನ ಮಕ್ಕಳು ಈಜಿನ ಡಿಪ್ಲೊಮಾ ಪಡೆಯಬೇಕಾದರೆ ಅಂಗಿ, ಪ್ಯಾಂಟು, ಬೂಟು ಹಾಕಿಕೊಂಡೇ ಈಜಿ ತೋರಿಸಬೇಕು, ನೀರೊಳಗೆ ಇಳಿಬಿಟ್ಟ ಪರದೆಯ ತೂತಿನಲ್ಲಿ ನುಸುಳಬೇಕು. ಊರತುಂಬ ಕಾಲುವೆಯಿರುವ ದೇಶಕ್ಕೆ ಗೊತ್ತಿರುವ ಸತ್ಯ ಇದು: ಕಾಲುವೆಗೆ ಬೀಳುವವರು ಚಡ್ಡಿ ಬದಲಿಸಿಕೊಂಡು ಬೀಳುವುದಿಲ್ಲ. ನಮ್ಮ ಕಾಲುವೆಗಳ ಸಿಮೆಂಟಿನ ಇಳಿಜಾರು ದಂಡೆಗೆ ಪಾಚಿ ಕಟ್ಟಿದ್ದರೆ, ಈಜು ಬಂದವನೂ ಹತ್ತಲಾರದೆ ಜಾರುತ್ತಲೇ ಇರುತ್ತಾನೆ. ಮೆಟ್ಟಿಲಿಲ್ಲದ ಕಡೆ ಮೇಲೆ ಬರುವುದನ್ನು ಪರೀಕ್ಷಕರು ಕೇಳಿದ್ದು ಸುಮ್ಮನೆ ಅಲ್ಲ.

ಮೂರನೆಯ ಆಕ್ಷೇಪ ತಾಯಂದಿರದ್ದು, ಅದರಲ್ಲಿ ಅರ್ಧ ನಿಜವಿದೆ. ಈಜು ಕಲಿಸಿದರೆ ಹುಡುಗರು ಹೊಳೆಯ ಕಡೆ ಹೋಗುತ್ತಾರೆ, ಕಲಿಸದಿದ್ದರೆ ಅಂಜಿಕೆಯಾದರೂ ಇರುತ್ತದೆ, ಎನ್ನುತ್ತಾರೆ ಅವರು. ಅಂಜಿಕೆ ಒಳ್ಳೆಯದೇ, ಆದರೆ ನೀರಿಗೆ ಬಿದ್ದಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38,000ಕ್ಕೂ ಹೆಚ್ಚು. ಅವರೆಲ್ಲ ಈಜಲೆಂದು ಹೋದವರಲ್ಲ. ಬಟ್ಟೆ ಒಗೆಯಲು, ಎಮ್ಮೆ ಮೈತೊಳೆಯಲು, ಕೊಡ ತುಂಬಲು ಹೋದವರೂ ಅದರಲ್ಲಿದ್ದಾರೆ. ವಿಚಿತ್ರವೆಂದರೆ ದಂಡೆಯ ಕಲ್ಲಿನ ಮೇಲೆ ಅರ್ಧ ದಿನ ಕಳೆಯುವ ಹೆಣ್ಣುಮಕ್ಕಳಿಗೆ ನಾವು ಕ್ಯಾನು ಕಟ್ಟುವುದೇ ಅಪರೂಪ. ಹಾಗಿದ್ದೂ ಜಲ ಸುರಕ್ಷತೆಯ ಮೊದಲ ಪಾಠವನ್ನು ತೋರಿಸಿದವರು ಹೆಂಗಸರೇ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಅಲ್ಲಿದ್ದ ಮೂವರು ಮಹಿಳೆಯರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಎಳೆದು ಉಳಿಸಿದರು. ಕೈಗೆಟುಕಿಸು, ಆಗದಿದ್ದರೆ ಏನಾದರೂ ಎಸೆ, ಅದೂ ಆಗದಿದ್ದರೆ ದೋಣಿ ಒಯ್ಯಿ, ನೀರಿಗಿಳಿಯುವುದು ಕಟ್ಟಕಡೆಗೆ ಎಂದು ಕೋರ್ಸಿನಲ್ಲಿ ಕಲಿಸುವ ಕ್ರಮ ಇದೇ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಅವರಿಗೆ ಧೈರ್ಯದ ಕೊರತೆಯಿರಲಿಲ್ಲ, ಹಗ್ಗದ ಕೊರತೆಯಿತ್ತು. ತಾಯಂದಿರು ಹೆದರುವುದು ಬಾವಿಯ ಪುಕ್ಕಟೆ ಮಾರ್ಕ್ಸಿನಿಂದ ಹುಟ್ಟುವ ಹುಮ್ಮಸ್ಸಿಗೆ. 12 ಸುತ್ತಿನಲ್ಲಿ ಏಳನೆಯದಕ್ಕೇ ಗೋಡೆ ಹಿಡಿದವನಿಗೆ ಆ ಹುಮ್ಮಸ್ಸು ಅಲ್ಲೇ ಇಳಿಯುತ್ತದೆ. ತನಗೆ ಬರುವುದು ಏಳು ಸುತ್ತು, ಹೊಳೆಯ ಅಗಲ ಅದಕ್ಕಿಂತ ಹೆಚ್ಚು ಎಂಬ ಲೆಕ್ಕ ಅವನಿಗೆ ತಾಯಿ ಹೇಳದೆಯೂ ತಿಳಿಯುತ್ತದೆ.

ಆದ್ದರಿಂದ ಗೋಕಾಕದ ಕಡೆ ಯಾರಾದರೂ ಇಂಥ ಪರೀಕ್ಷೆ ನಡೆಸುವುದಾದರೆ ಕೊನೆಗೊಂದು ಸಾಲು ಸೇರಿಸಬೇಕೆಂಬುದು ನನ್ನ ಅರ್ಜಿ. ಈಜಿ, ತೇಲಿ, ಕಲ್ಲು ತಂದು ಮೇಲೆ ಬಂದ ಅಭ್ಯರ್ಥಿಯನ್ನು ಆಗಸ್ಟಿನಲ್ಲಿ ಕೆಂಪಗೆ ಹರಿಯುವ ಘಟಪ್ರಭೆಯ ದಂಡೆಗೆ ಕರೆದೊಯ್ದು, ‘ಇಳೀತಿಯೇನೋ ತಮ್ಮಾ?’ ಎಂದು ಕೇಳಬೇಕು. ಕೆಲವೇ ಕಿಲೋಮೀಟರ್ ಮೇಲೆ ಅದೇ ನೀರು 52 ಮೀಟರ್ ಎತ್ತರದಿಂದ ಬಿದ್ದು ಬಂದಿದೆ ಎಂಬುದನ್ನು ನೆನಪಿಸಬಾರದು. ಗೊತ್ತಿರುವುದೂ ಪರೀಕ್ಷೆಯ ಭಾಗ. ‘ಇಳೀತೀನಿ’ ಎಂದವನನ್ನು ಮುಂದಿನ ವರ್ಷ ಬಾ ಎಂದು ಕಳಿಸಬೇಕು. ‘ಈಸಾಕ ಬರತೈತ್ರೀ, ಆದ್ರ ಇದಕ್ಕ ಇಳಿಯೂದಿಲ್ಲ’ ಎಂದವನಿಗೆ ಪ್ರಮಾಣಪತ್ರದ ಜೊತೆ ಅರ್ಧ ಕಿಲೋ ಕರದಂಟು. ದಂಡೆಯಲ್ಲಿ ನಿಂತವರು ಅವನನ್ನು ಪುಕ್ಕಲ ಎಂದು ನಗುತ್ತಾರೆ, ನಗಲಿ. ಕರದಂಟು ಬಾಯಲ್ಲಿರುವವನಿಗೆ ಉತ್ತರ ಕೊಡುವ ತುರ್ತೇನೂ ಇರುವುದಿಲ್ಲ.